ಹಾಲಿನ ಡಬ್ಬಿಯ ಸಿಸ್ಟರ್

ತಿರುವನಂತಪುರದ ಹತ್ತಿರದ ಕಡಲೂರು ವಿಳಿಂಜದ ಮೀನುಗಾರರ ಕೇರಿಯಲ್ಲಿ ಚಂದ್ರಾವತಿಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವಳು ನರ್ಸ್ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ. ಹೊರದೇಶದ ಕಂಪನಿಯೊಂದರ ಹಾಲಿನ ಪುಡಿಯ ಪ್ರಚಾರಕ್ಕೆ ಸೇರಿದ್ದಳು ಅಷ್ಟೆ. ಬಿಳಿ ಸೀರೆ, ಬಿಳಿ ರವಿಕೆ, ಬಿಳಿ ಬೂಟು ಎಲ್ಲವನ್ನೂ ಕಂಪನಿಯೇ ಕೊಟ್ಟಿತ್ತು.

ಗಂಡ ಯಜ್ಞನಾರಾಯಣನಿಗೆ ತಿರುವನಂತಪುರದ ಕೇಂದ್ರ ಸರಕಾರಿ ಕಚೇರಿಗೆ ವರ್ಗವಾದಾಗ ಇಬ್ಬರೂ ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಮನೆ ಹಿಡಿದಿದ್ದರು. ಮಗಳು ಸುಮಿತ್ರ ಶಾಲೆಗೆ ಹೋಗತೊಡಗಿದ ಮೇಲೆ ಚಂದ್ರಾವತಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಕಾಸರಗೋಡಿನಲ್ಲಿ ಬೆಳೆದವಳಾದ್ದರಿಂದ ಮಲಯಾಳ ನೀರು ಕುಡಿದಷ್ಟು ಸಲೀಸು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕಂಪನಿ ಅವಳನ್ನು ತೆಗೆದುಕೊಂಡದ್ದು ಆ ಕಾರಣಕ್ಕೇ.

ತರಬೇತಿ ಕೊಚ್ಚಿಯಲ್ಲಿ ನಡೆಯಿತು. ಮುಖ್ಯ ಕಚೇರಿಯಿಂದ ಬಂದ ದೊರೆಯೊಬ್ಬ ಕಿಟಕಿಗಳಿಗೆ ಪರದೆ ಎಳೆಸಿ, ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದ. ಆಫ್ರಿಕದ ಒಂದು ಸಂತೆ, ಮಲೇಷ್ಯಾದ ಒಂದು ಹಳ್ಳಿ, ಇನ್ನೆಲ್ಲಿಯದೋ ಬೆಟ್ಟದ ಊರು. ಎಲ್ಲ ಕಡೆಯೂ ಬಿಳಿ ಉಡುಪಿನ ಹೆಂಗಸು, ಕೈಯಲ್ಲಿ ಅದೇ ಡಬ್ಬಿ. ದೇಶ ಯಾವುದೇ ಇರಲಿ, ಭಾಷೆ ಯಾವುದೇ ಇರಲಿ, ಬಾಣಂತಿಯರು ಬಿಳಿ ಬಟ್ಟೆಯವರ ಮಾತನ್ನು ನಂಬುತ್ತಾರೆ ಎಂದು ಅವನು ಹೇಳಿದ. ಜನ ನರ್ಸ್ ಎಂದು ತಿಳಿದುಕೊಂಡರೆ ಏನು ಮಾಡುವುದು ಎಂದು ಚಂದ್ರಾವತಿ ಕೇಳಿದಳು. ಮಂಗಳೂರು ಕಡೆಯ ಮ್ಯಾನೇಜರ್ ರತ್ನಾಕರ ಕನ್ನಡದಲ್ಲೇ ಉತ್ತರಿಸಿದ.

“ನಾವು ನರ್ಸ್ ಅಂತ ಎಲ್ಲಿಯೂ ಹೇಳುದಿಲ್ಲ. ಅಲ್ಲ ಅಂತ ಹೇಳ್ಬೇಕು ಅಂತಲೂ ಇಲ್ಲ.”

ಆಗ ಅವಳಿಗೆ ಅದು ಜಾಣತನದ ಮಾತಾಗಿ ಕಂಡಿತು. ನಿಮ್ಮ ಮಗುವಿಗೂ ಇದನ್ನೇ ಕೊಟ್ಟಿರಾ ಎಂದು ಯಾರಾದರೂ ಕೇಳಿದರೆ ಹೌದೆನ್ನಬೇಕು ಎಂದೂ ಕಲಿಸಿದರು. ಸುಮಿತ್ರ ಎದೆಹಾಲು ಕುಡಿದೇ ಬೆಳೆದವಳು. ಆದರೂ ಚಂದ್ರಾವತಿ ಹೌದೆನ್ನುತ್ತಾ ಹೋದಳು. ಹೋದಲ್ಲೆಲ್ಲ ಕುರ್ಚಿ ಹಾಕುತ್ತಿದ್ದರು, ಕಪ್ಪು ಚಹಾ ಕೊಡುತ್ತಿದ್ದರು. ಕೊಚ್ಚಿಯಿಂದ ಹೊರಡುವ ಮೊದಲೇ ಕಂಪನಿಯವರು ಅವಳ ಒಂದು ಫೋಟೋ ತೆಗೆದಿದ್ದರು. ಗುರುತಿನ ಚೀಟಿಗೆ ಇರಬೇಕು ಎಂದುಕೊಂಡು ಅವಳು ನಗುತ್ತಲೇ ನಿಂತಿದ್ದಳು.

ವಿಳಿಂಜದಲ್ಲಿ ಫಿಲೋಮಿನ ಎಂಬ ಎಳೆಯ ಬಾಣಂತಿ ಇದ್ದಳು. ಚೊಚ್ಚಲ ಗಂಡುಮಗು. ಮಳೆಗಾಲದ ಮೊದಲಲ್ಲಿ ಚಂದ್ರಾವತಿ ಅವಳಿಗೆ ಉಚಿತ ಡಬ್ಬಿಯೊಂದನ್ನು ಕೊಟ್ಟು, ಬಿಸಿನೀರಿನಲ್ಲಿ ಪುಡಿ ಕಲಸುವುದನ್ನು ತೋರಿಸಿ ಬಂದಳು.

ಓಣಂ ಕಳೆದ ಮೇಲೆ ಮತ್ತೆ ಹೋದಾಗ ಫಿಲೋಮಿನ ಬಾಗಿಲಿಗೇ ಓಡಿ ಬಂದಳು. ಸಿಸ್ಟರ್ ಹೇಳಿದ ಹಾಗೆಯೇ ಮಾಡುತ್ತಿದ್ದೇನೆ, ಎದೆಹಾಲು ಬಿಡಿಸಿಬಿಟ್ಟೆ ಎಂದು ಹೆಮ್ಮೆಯಿಂದ ಹೇಳಿ ಒಳಗಿನಿಂದ ಮಗುವನ್ನು ತಂದಳು. ಮಗುವಿನ ತೊಡೆಯ ಚರ್ಮ ಸುಕ್ಕುಗಟ್ಟಿತ್ತು, ಮುಖ ಮುದುಕನದಾಗಿತ್ತು. ಅಳಲು ಬಾಯಿ ತೆರೆದರೂ ಸ್ವರ ಹೊರಡುತ್ತಿರಲಿಲ್ಲ.

ಏನು ಕೊಡುತ್ತಿದ್ದೀಯ ಎಂದು ಕೇಳಿದರೆ ಅವಳು ಡಬ್ಬಿಯನ್ನೇ ತಂದು ತೋರಿಸಿದಳು. ಮಳೆಗಾಲದಲ್ಲಿ ಕೊಟ್ಟ ಅದೇ ಡಬ್ಬಿ! ತಳದಲ್ಲಿ ಪುಡಿ ಇನ್ನೂ ಉಳಿದಿತ್ತು. ಮುಗಿದುಹೋದೀತೆಂದು ಫಿಲೋಮಿನ ಬಾವಿಯ ನೀರಿಗೆ ಚಿಟಿಕೆಯಷ್ಟೇ ಹಾಕುತ್ತಿದ್ದಳು. ನೀರು ಬೆಳ್ಳಗಾದರೆ ಹಾಲಾಯಿತು ಎಂಬುದು ಅವಳ ಲೆಕ್ಕ. ಡಬ್ಬಿಯ ಮೇಲಿನ ಸೂಚನೆಗಳು ಇಂಗ್ಲಿಷಿನಲ್ಲಿದ್ದವು.

ಚಂದ್ರಾವತಿ ಮಗುವನ್ನು ಸೆರಗಿನಲ್ಲಿ ಸುತ್ತಿ, ತಾಯಿಯ ಕೈ ಹಿಡಿದು ಎಳೆದುಕೊಂಡೇ ಬಸ್ಸು ಹತ್ತಿದಳು. ಪಟ್ಟಣದ ಆಸ್ಪತ್ರೆಯ ಡಾಕ್ಟರು ಮಗುವನ್ನು ನೋಡಿ, ಅವಳ ಬಿಳಿ ಸೀರೆಯನ್ನು ನೋಡಿ, ಯಾವ ಆಸ್ಪತ್ರೆಯ ನರ್ಸಮ್ಮ ನೀವು ಎಂದು ಸಿಟ್ಟಿನಿಂದ ಕೇಳಿದರು.

ಮಗು ಸಾಯಲಿಲ್ಲ. ಬಹಳ ದಿನ ವಾರ್ಡಿನಲ್ಲಿತ್ತು. ಫಿಲೋಮಿನಳ ನೆರೆಯ ಬಾಣಂತಿ ದಿನವೂ ಬಂದು ತನ್ನ ಎದೆಹಾಲು ಕೊಟ್ಟಳು. ಮಗು ಮತ್ತೆ ಸ್ವರ ತೆಗೆದು ಚೀರಿ ಅಳುವಂತಾಗಿ ಮನೆಗೆ ಮರಳಿದ ದಿನ ಚಂದ್ರಾವತಿ ಕೊಚ್ಚಿಯ ರಾತ್ರಿ ರೈಲು ಹತ್ತಿದಳು. ನಡೆದದ್ದನ್ನು ಹೇಳಿದರೆ ಪ್ರಚಾರ ನಿಲ್ಲಿಸುತ್ತಾರೆ, ಕಡೇಪಕ್ಷ ಮಲಯಾಳದಲ್ಲಿ ಸೂಚನೆ ಹಾಕುತ್ತಾರೆ ಎಂಬ ನಂಬಿಕೆ ಅವಳದು.

ರತ್ನಾಕರ ಪೂರ್ತಿ ಕೇಳಿಸಿಕೊಂಡ. ಬೇಸರವೂ ಪಟ್ಟ. ಇಂಥ ಸುದ್ದಿ ಬೇರೆ ದೇಶಗಳಿಂದಲೂ ಬಂದಿದೆ, ಮೇಲಿನವರಿಗೆ ತಿಳಿದಿದೆ ಎಂದ. ತಿಳಿದಿದೆಯೇ? ತಿಳಿದೂ ಡಬ್ಬಿ ಹಂಚಿಸುತ್ತಿದ್ದಾರೆಯೇ ಎಂದು ಅವಳು ಕೇಳಿದಳು. ಅವಳನ್ನು ಸಮಾಧಾನಪಡಿಸಲೋ ಏನೋ, ಮಲಯಾಳದಲ್ಲೂ ಮಾಡಿಸಿದ್ದೇವೆ ನೋಡಿ ಎಂದು ಅವನು ಸುರುಳಿಯೊಂದನ್ನು ಮೇಜಿನ ಮೇಲೆ ಬಿಡಿಸಿದ.

ದೊಡ್ಡ ಬಣ್ಣದ ಪೋಸ್ಟರ್. ಅಂದು ತೆಗೆದ ಫೋಟೋದಲ್ಲಿ ನಗುತ್ತಿದ್ದ ಚಂದ್ರಾವತಿಯ ಕೈಗೆ ಡಬ್ಬಿ ಬಂದಿತ್ತು. ತಲೆಯ ಮೇಲೆ ಅವಳೆಂದೂ ತೊಡದ ನರ್ಸ್ ಟೋಪಿಯನ್ನು ಯಾರೋ ಬರೆದು ಸೇರಿಸಿದ್ದರು. ಕೆಳಗೆ ದಪ್ಪ ಅಕ್ಷರಗಳಲ್ಲಿ, ಸಿಸ್ಟರ್ ಹೇಳುತ್ತಾರೆ, ನಂಬಿ ಎಂದಿತ್ತು. ಬೇರೆ ದೇಶಗಳಲ್ಲಿ ಗುಂಡು ಮಗುವಿನ ಚಿತ್ರ ನಡೆಯುತ್ತದೆ, ಕೇರಳದಲ್ಲಿ ನರ್ಸಿನ ಮುಖವೇ ಹೆಚ್ಚು ನಡೆಯುತ್ತದೆ ಎಂದು ಕಂಪನಿ ಕಂಡುಕೊಂಡಿತ್ತಂತೆ.

“ಇದನ್ನು ಅಂಟಿಸಬೇಡಿ,” ಎಂದಳು ಚಂದ್ರಾವತಿ.

“ಅಂಟಿಸಿ ಆಯ್ತಲ್ಲ, ಮಾರಾಯ್ರೆ,” ಎಂದ ಅವನು, ತಗ್ಗಿದ ದನಿಯಲ್ಲಿ.

ಹೌದು, ಅಂಟಿಸಿ ಆಗಿತ್ತು. ಹಗಲಿನ ರೈಲಿನಲ್ಲಿ ವಾಪಸು ಬರುವಾಗ ಒಂದೊಂದು ನಿಲ್ದಾಣದಲ್ಲೂ ಅವಳ ಮುಖ ಅವಳನ್ನು ನೋಡಿ ನಕ್ಕಿತು.

ಮರುದಿನ ಹೂವಿನ ಸೀರೆಯುಟ್ಟು ಅವಳು ವಿಳಿಂಜಕ್ಕೆ ಹೋದಳು. ಫಿಲೋಮಿನಳ ಎದುರು ಕೂತು, ನಾನು ಸಿಸ್ಟರ್ ಅಲ್ಲ, ನನ್ನ ಮಗಳಿಗೆ ಈ ಹಾಲು ಕೊಟ್ಟವಳೂ ಅಲ್ಲ ಎಂದಳು. ಫಿಲೋಮಿನ ಬೈಯಲಿಲ್ಲ, ಅಳಲಿಲ್ಲ.

“ಹಾಗಾದರೆ ನೀವು ಯಾರು?”

“ಡಬ್ಬಿ ಮಾರುವವಳು.”

ಫಿಲೋಮಿನ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಂದ್ರಾವತಿ ಪಕ್ಕದ ಮನೆಗೆ ಹೋದಳು, ಅದರ ಪಕ್ಕದ ಮನೆಗೂ. ಕೆಲವರು ನಂಬಿದರು. ಕೆಲವರು ನಕ್ಕು, ಬಸ್‌ಸ್ಟ್ಯಾಂಡಿನ ಚಿತ್ರದಲ್ಲಿ ಟೋಪಿ ಹಾಕಿಕೊಂಡಿದ್ದೀರಲ್ಲ ಎಂದರು.

ಅವಳು ಕೆಲಸ ಬಿಟ್ಟಳು. ಪೋಸ್ಟರುಗಳು ಹೋಗಲಿಲ್ಲ. ಮಳೆಗೆ ಹಳತು ಹರಿದರೆ ಹೊಸದು ಬರುತ್ತಿತ್ತು. ಅವನ್ನು ತೆಗೆಸಿ ಎಂದು ಯಜ್ಞನಾರಾಯಣ ಕಂಪನಿಗೆ ಬರೆದ ಪತ್ರಗಳಿಗೆ ಉತ್ತರವಿರಲಿಲ್ಲ. ಆಮೇಲೆ ಎಷ್ಟೋ ವರ್ಷ ತಿರುವನಂತಪುರದ ಕೋಟೆಯ ಬಳಿ ಮನೆಗೆ ಹೋಗುವ ಬಸ್ಸಿಗೆ ನಿಂತಾಗಲೆಲ್ಲ ಗುರುತಿಲ್ಲದ ಹೆಂಗಸರು ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಂದು, ಸಿಸ್ಟರೇ, ಇವನಿಗೆ ಎಷ್ಟು ಚಮಚ ಎಂದು ಕೇಳುತ್ತಿದ್ದರು. ಚಂದ್ರಾವತಿ ಅವರನ್ನು ಪಕ್ಕಕ್ಕೆ ಕರೆದು ಮೊದಲಿನಿಂದ ಎಲ್ಲವನ್ನೂ ಹೇಳುತ್ತಿದ್ದಳು. ಅಷ್ಟರಲ್ಲಿ ಪಟ್ಟಂ ಬಸ್ಸು ಹೋಗಿರುತ್ತಿತ್ತು.