ಕಣಿವೆಯ ಮೊಮ್ಮಗ

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಎಣ್ಣೆ ಗಿರಣಿ ಇಟ್ಟಿದ್ದ ಯಜಮಾನರು ಮೀಸೆ ತೀಡದೆ ಮಾತು ಶುರು ಮಾಡಿದವರಲ್ಲ. "ಬಿಳಿಯರ ದಂಡಿನ ಮೇಲೆ ಬಂಡೆ ಉರುಳಿಸಿದ ರಕ್ತ ಐತ್ರೀ ಇದು" ಎಂದು ಟೀ ಅಂಗಡಿಯಲ್ಲೂ ತೋಳು ಚಾಚುತ್ತಿದ್ದರು. ಮೊಳಕಾಲ್ಮುರು ಕಡೆಯ ಕಣಿವೆಯಲ್ಲಿ ಅವರಜ್ಜ ಹೊಂಚು ಹಾಕಿ ಹೊಡೆದರಂತೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲೇ ಅದನ್ನು ಆಡಿ ತೋರಿಸಬೇಕು. ನಾವು ಬ್ರಿಟಿಷರಾಗಿ ಕೆಳಗಿನ ರಸ್ತೆಯಲ್ಲಿ ನಡೆಯುವವರು. ಅವರು ಅಜ್ಜನಾಗಿ, ಶೇಂಗಾ ಹೊಟ್ಟು ತುಂಬಿದ ಚೀಲಗಳನ್ನೇ ಬಂಡೆಯೆಂದು ಮೇಲಿಂದ ಉರುಳಿಸುವವರು.

ಒಂದು ವರ್ಷ ನಮ್ಮ ಹಿಂದೆಯೇ ಮಂತ್ರಿಗಳ ಕಾರು ಬಂತು. ಯಜಮಾನರು ಚೀಲ ಅಲ್ಲೇ ಬಿಟ್ಟು, ಅಜ್ಜನ ವೇಷದಲ್ಲೇ ಪಂಚೆ ಎತ್ತಿಕೊಂಡು ಓಡಿಬಂದು, ಕಾರಿನ ಬಾಗಿಲು ತೆಗೆದು ನಡು ಬಗ್ಗಿಸಿ ನಿಂತರು.

ನನ್ನ ಪಕ್ಕ ಕಟ್ಟಿಗೆಯ ಕೋವಿ ಹಿಡಿದಿದ್ದ ಮೆಕ್ಯಾನಿಕ್ ಮೆಲ್ಲಗೆ ಹೇಳಿದ: "ಅವತ್ತೂ ಇವರಜ್ಜ ಹಿಂಗೇ ಇಳ್ದು ಬಂದಿರ್ಬೇಕು ಕಣಲೇ."