ಹಲ್ಲಜ್ಜಿಯ ಮಡಿಲಲ್ಲಿ ಇಪ್ಪತ್ತೊಂದು ಬಾಯಿ

ಬೆಳಗಿನ ಆರು ಗಂಟೆ. ಕಡಲ ಮೇಲೆ ಮಲಗಿದ ಮಂಜು ಇನ್ನೂ ಏಳುವ ಮನಸ್ಸು ಮಾಡಿಲ್ಲ. ದೋಣಿಗಳು ನೀರಲ್ಲಿವೆಯೋ ಆಕಾಶದಲ್ಲಿ ತೇಲುತ್ತಿವೆಯೋ ಎಂದು ಈ ಹೊತ್ತಿನಲ್ಲಿ ಆಣೆ ಮಾಡಿ ಹೇಳಬಲ್ಲವರು ನಮ್ಮ ಕೊಗಾಯ್ ದ್ವೀಪದಲ್ಲಿ ಒಬ್ಬರೂ ಇಲ್ಲ. ಬಂದರಿನ ಮೇಲಿನ ಶಿಶುವಿಹಾರದಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಚಾಪೆಯ ಮೇಲೆ ಮಂಡಿಯೂರಿ ಕೂತ ಮಿತ್ಸುಯೊ, ಇಪ್ಪತ್ತೊಂದು ಪುಟ್ಟ ಬ್ರಷ್‌ಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಎಳೆಗಳು ಕೆದರಿದ್ದು ಸಿಕ್ಕಿದರೆ ಪಕ್ಕಕ್ಕೆ ಬೀಳುತ್ತದೆ. "ಇದು ಆ ತುಂಟ ಕೈಸೇಯದು. ಅವನು ಉಜ್ಜಲ್ಲ, ಮೇಯ್ತಾನೆ."

ಅಷ್ಟರಲ್ಲಿ ಬಾಗಿಲು ಸರಿಯುತ್ತದೆ. ಒಂದೇ ಕಾಲುಚೀಲದ ಕೂಸೊಂದು ಅರೆನಿದ್ದೆಯಲ್ಲೇ ನಡೆದು ಬಂದು, ಅವಳ ಮಡಿಲಲ್ಲಿ ತಲೆಯಿಟ್ಟು ಬಾಯಿ ತೆರೆಯುತ್ತದೆ. ಕಣ್ಣು ಮಾತ್ರ ತೆರೆಯುವುದಿಲ್ಲ. ಕಡಲಿಗೆ ಹೊರಡುವ ಆತುರದಲ್ಲಿ ಅಮ್ಮಂದಿರು ಬಾಯಿಗೊಂದು ಅನ್ನದುಂಡೆ ಕೊಟ್ಟು ಬಿಟ್ಟುಹೋಗುತ್ತಾರೆ. ಆ ಬಾಯಿಯ ಕೆಲಸ ಇವಳದು. ಮೊದಲು ಮಗುವೇ ಉಜ್ಜಿಕೊಳ್ಳಬೇಕು, ಆಮೇಲೆ ದೊಡ್ಡವರು ಮಡಿಲಲ್ಲಿ ಮಲಗಿಸಿಕೊಂಡು ಕೊನೆಯ ಉಜ್ಜು ಉಜ್ಜಬೇಕು. ನಮ್ಮ ಮನೆಮನೆಯಲ್ಲೂ ಇದೇ ಪದ್ಧತಿ. ಆದರೆ ಮಿತ್ಸುಯೊ ಉಜ್ಜುವಾಗ ಗುನುಗುವ ರಾಗಕ್ಕೆ ಮಂಜು ಕೂಡ ಕಿಟಕಿಗೆ ಕೆನ್ನೆಯಾನಿಸಿ ತೂಕಡಿಸುತ್ತದೆ.

ಮಕ್ಕಳು ಅವಳನ್ನು ಕರೆಯುವುದು ಹಲ್ಲಜ್ಜಿ ಎಂದು. ವಯಸ್ಸು ಅರವತ್ತೆಂಟು. ದಿನಕ್ಕೆ ಇಪ್ಪತ್ತೊಂದು ಬಾಯಿ, ಇಂದಿನ ಮಟ್ಟಿಗೆ ಮುನ್ನೂರ ತೊಂಬತ್ತಾರು ಹಲ್ಲು. ನಾಳೆ ಯಾವ ಕೂಸಿನ ಒಸಡಿನಿಂದ ಇನ್ನೊಂದು ಇಣುಕುತ್ತದೋ ಹೇಳಲಾಗದು. ಇದುವರೆಗೆ ಅವಳ ಮಡಿಲಲ್ಲಿ ತಲೆಯಿಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಕಡಲು ದಾಟಿ ಒಸಾಕಾ ಮುಟ್ಟುತ್ತದೆ. ಅರ್ಧ ದಾರಿಗೇ ಮುಗಿಯುತ್ತದೆ ಅನ್ನುವವರಿದ್ದಾರೆ, ಅವರದು ಹೊಟ್ಟೆಕಿಚ್ಚು.

ಮಂಡಿ ಸವೆದಿದೆ, ಕುರ್ಚಿ ಹಾಕಿಕೊಳ್ಳಿ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. "ಕುರ್ಚಿಗೆ ಮಡಿಲೆಲ್ಲಿದೆ?" ಎನ್ನುತ್ತಾಳೆ ಮಿತ್ಸುಯೊ.

ಅವಳು ಒಂಬತ್ತರ ಹುಡುಗಿಯಾಗಿದ್ದಾಗ ದವಡೆ ಹಲ್ಲು ಕೊಳೆತು ಮುಖ ಕುಂಬಳಕಾಯಿಯಾಗಿತ್ತಂತೆ. ಚಂಡಮಾರುತಕ್ಕೆ ನಾಲ್ಕು ದಿನ ಹಡಗಿಲ್ಲ. ದ್ವೀಪದಲ್ಲಿ ವೈದ್ಯರಿಲ್ಲ. "ನಾಲ್ಕು ದಿನವೂ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಮಡಿಲು ಇರೋದು ಅದಕ್ಕಲ್ಲ ಅಂತ ಆಗಲೇ ಅನ್ನಿಸ್ತು." ಬೆಳೆದ ಮೇಲೆ, ದ್ವೀಪಕ್ಕೆ ಮರಳುವವರೆಗೆ, ಆಚೆ ದಡದ ಹಲ್ಲಿನ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿ ದುಡಿದಳು. ಹೆದರಿ ಒದ್ದಾಡುವ ಮಕ್ಕಳನ್ನು ಬಲೆಬಟ್ಟೆಯಲ್ಲಿ ಸುತ್ತಿ, ಹಲ್ಲು ಕೊರೆಯುವಾಗ ತಲೆ ಹಿಡಿದುಕೊಳ್ಳುವುದೂ ಅವಳ ಪಾಲಿಗೆ ಬರುತ್ತಿತ್ತು. "ಸುತ್ತಿಸಿಕೊಂಡ ಮಗು ನನ್ನ ಮುಖಾನೇ ನೋಡ್ತಿರುತ್ತೆ. ಆ ನೋಟ ಈಗಲೂ ಕನಸಿಗೆ ಬರುತ್ತೆ," ಎಂದು ಅವಳು ಬ್ರಷ್ ಒದರುತ್ತಾಳೆ.

ಈ ವರ್ಷದ ವಸಂತದಲ್ಲಿ ಆ ಕನಸು ದಿನಾ ಬರತೊಡಗಿತು. ಕಾರಣ, ನಾಲ್ಕು ವರ್ಷದ ನೊದೊಕಾ. ಅವಳ ಮೇಲಿನ ಎರಡು ಮುಂದಿನ ಹಲ್ಲುಗಳ ಮೇಲೆ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ. ತೂತು ಬೀಳುವ ಮುನ್ನಿನ ಗುರುತು ಅದು. ದಿನಾ ಸರಿಯಾಗಿ ಉಜ್ಜಿದರೆ ಅಲ್ಲೇ ನಿಂತೀತು. ಆದರೆ ಹುಡುಗಿ ಬಾಯಿಯೇ ಬಿಡಳು. ಮೂರು ತಿಂಗಳಿಗೊಮ್ಮೆ ದೋಣಿಯಲ್ಲಿ ಬರುವ ಹಲ್ಲಿನ ಡಾಕ್ಟರು ಹೋದ ಸಲವೇ ಹೇಳಿದ್ದರು: ಮಚ್ಚೆ ಬೆಳೆದರೆ ಆಚೆ ದಡ, ಬಲೆಬಟ್ಟೆ.

ನೊದೊಕಾಳ ಅಮ್ಮ ಆಚೆ ದಡದ ಹಡಗುಕಟ್ಟೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಾಳೆ. ಮಿಕ್ಕ ದಿನ ಮಗುವಿನ ಹಲ್ಲಿಗೆ ತಾತ ತೊರಾಕಿಚಿಯೇ ಗತಿ. ಆಕ್ಟೋಪಸ್ ಹಿಡಿಯುವವನು. ಅವನ ಗಂಟಲಿಗೆ ಕಡಲಕಾಗೆಗಳು ದಿಕ್ಕು ಬದಲಿಸುತ್ತವೆ. ಮಿತ್ಸುಯೊಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಹಾಗಾಗಿ ಮರ್ಯಾದೆಯ ಕಾಟವಿಲ್ಲ. ಜೂನ್ ತಿಂಗಳ ಒಂದು ಮುಂಜಾನೆ ಅವನು ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಬಂದು ಹೊಸ ಟೂತ್‌ಪೇಸ್ಟ್ ಎತ್ತಿ ಹಿಡಿದ.

"ನೋಡೇ ಮಿತ್ಸುಯೊ, ಹನ್ನೊಂದನೇದು! ಸ್ಟ್ರಾಬೆರಿ ಆಯ್ತು, ದ್ರಾಕ್ಷಿ ಆಯ್ತು, ಇದು ಕಲ್ಲಂಗಡಿ. ಇದಕ್ಕೂ ಬಾಯಿ ಬಿಡ್ದಿದ್ರೆ ನಾನೇ ತಿಂತೀನಿ."

"ಹಿಂದುಗಡೆ ಬರೆದಿರೋ ಅಂಕಿ ಓದಿದ್ಯೇನೋ ತೊರಾ?"

"ಮುಂದ್ಗಡೆ ಮೊಲ ಇದೆ. ಸಾಲ್ದಾ?"

"ಮೊಲ ಹಲ್ಲು ಕಾಯಲ್ಲ ಕಣೋ, ಫ್ಲೋರೈಡ್ ಕಾಯುತ್ತೆ. ಅದರ ಅಂಕಿ ಸಾವಿರದ ಹತ್ತಿರ ಇರ್ಬೇಕು. ಎಷ್ಟು ಹಾಕ್ತೀಯ?"

ತಾತ ಅರ್ಧ ಬೆರಳಿನಷ್ಟು ಉದ್ದ ತೋರಿಸಿದ. ಮಿತ್ಸುಯೊ ಹಣೆ ಹಿಡಿದುಕೊಂಡಳು. "ಇವಳಿಗೆ ಹಸಿ ಬಟಾಣಿ ಕಾಳಿನಷ್ಟು ಸಾಕು. ಮೂರು ತುಂಬದ ಕೂಸಿಗಾದ್ರೆ ಅಕ್ಕಿಕಾಳಷ್ಟೇ. ಉಗುಳಿಸಿ, ಒಂದೇ ಗುಟುಕಲ್ಲಿ ಒಂದ್ಸಲ ಮುಕ್ಕಳಿಸು. ದೋಣಿ ತೊಳೆದ ಹಾಗೆ ತೊಳೆದ್ರೆ ಮದ್ದೆಲ್ಲ ಬಚ್ಚಲಿಗೆ."

"ಮೊದಲು ಬಾಯಿ ಬಿಡ್ಬೇಕಲ್ಲೇ! ಮಡಕೆ ಹೊಕ್ಕ ಆಕ್ಟೋಪಸ್ ಹಾಗೆ ಕೂತಿದಾಳೆ."

"ಐವತ್ತು ವರ್ಷ ಅದನ್ನ ಹಿಡಿದೋನು ನೀನು. ಎಳೆದ್ರೆ ಬರುತ್ತಾ?"

"ಎಳೆದ್ರೆ ಇನ್ನೂ ಗಟ್ಟಿ ಹಿಡ್ಕೊಳ್ಳುತ್ತೆ," ಅಂದ ತಾತ.

ಮಿತ್ಸುಯೊ ಒಂದು ಹೊಸ ಬ್ರಷ್ ಬಿಚ್ಚಿ ಅವನ ಕೈಗಿಟ್ಟಳು. "ಮನೇಲಿ ಹೇಗೆ ಉಜ್ತೀಯೋ ಹಾಗೇ ಉಜ್ಜು. ನಂಗೆ." ಹೇಳಿದವಳೇ ಅವನ ಮಡಿಲಲ್ಲಿ ತಲೆಯಿಟ್ಟು ಮಲಗಿಬಿಟ್ಟಳು. ಇಪ್ಪತ್ತೊಂದು ಮಕ್ಕಳು ಸುತ್ತ ನೆರೆದರು. ಕಡಲು ಕೂಡ ಒಂದು ಅಲೆ ತಡೆಹಿಡಿದು ನೋಡಿತು. ತೊರಾಕಿಚಿಯ ಕಿವಿ ಬೆಂದ ಆಕ್ಟೋಪಸ್‌ನಷ್ಟು ಕೆಂಪಾಯಿತು. ಆದರೂ ತೋಳು ಮಡಚಿ, ದೋಣಿಯ ತಳಕ್ಕಂಟಿದ ಚಿಪ್ಪು ಕೆರೆಯುವ ಶೈಲಿಯಲ್ಲಿ ಶುರುಮಾಡಿದ. ಕೆಳಸಾಲು ಮುಗಿಯಿತು. ಬ್ರಷ್ ಮೇಲಿನ ಸಾಲಿಗೆ ಬಂತು.

"ಅಯ್ಯೋ!" ಮಿತ್ಸುಯೊ ಚೀರಿದಳು.

ಮಕ್ಕಳೆಲ್ಲ ಬಿದ್ದುಬಿದ್ದು ನಕ್ಕರು. ನೊದೊಕಾ ನಗಲಿಲ್ಲ. ಮೆಲ್ಲಗೆ ಬಂದು ಅಜ್ಜಿಯ ಮೇಲ್ದುಟಿಯ ಮೇಲೆ ಬೆರಳಿಟ್ಟಳು. "ಅಲ್ಲಿ. ನಂಗೂ ಅಲ್ಲೇ."

ಯಾರ ಮೇಲ್ದುಟಿ ಎತ್ತಿದರೂ, ತುಟಿಗೂ ಒಸಡಿಗೂ ನಡುವೆ ದಾರದಂಥ ಒಂದು ತೊಗಲು. ನೊದೊಕಾಳ ಬಾಯಲ್ಲಿ ಬ್ರಷ್ ದಿನಾ ಹೋಗಿ ಬಡಿಯುತ್ತಿದ್ದುದು ಅದಕ್ಕೆ. ತೊರಾಕಿಚಿಯ ಕೈಯಿಂದ ಬ್ರಷ್ ಜಾರಿತು. ಕಾಗೆಗಳ ದಿಕ್ಕು ತಪ್ಪಿಸುವ ಆ ಗಂಟಲು ಪಿಸುಗುಟ್ಟಿತು: "ನಾನೇ ನೋವು ಮಾಡ್ತಿದ್ನಾ?"

"ನಿನ್ನೊಬ್ಬನ ತಪ್ಪಲ್ಲ," ಎಂದಳು ಮಿತ್ಸುಯೊ. "ಮೂವತ್ತೊಂದು ವರ್ಷ ಇದನ್ನೇ ಬೇರೆಯವರಿಗೆ ಕಲಿಸಿದೋಳು ನಾನು. ನಿನ್ನ ಜೊತೆ ಸೇರಿ ನಾನೂ ರುಚಿ ಹುಡುಕ್ತಾ ಕೂತೆ. ನಾಚಿಕೆ ಆಗ್ಬೇಕು ನಂಗೆ." ಅವನ ಹಗ್ಗ ಎಳೆದೂ ಎಳೆದೂ ದಪ್ಪಗಾದ ತೋರುಬೆರಳನ್ನು ತೊಳೆಸಿ, ತನ್ನ ತುಟಿಯೊಳಗೆ ಆ ತೊಗಲಿನ ಮೇಲೆ ಅಡ್ಡ ಇಡಿಸಿಕೊಂಡಳು. "ಇದು ಬಂದರಿನ ತಡೆಗೋಡೆ. ಬ್ರಷ್ ಬಂದು ನಿನ್ನ ಬೆರಳಿಗೆ ಬಡೀಲಿ, ಮಗೂಗಲ್ಲ. ಬ್ರಷ್‌ನ ಪೆನ್ಸಿಲ್ ಹಾಗೆ ಹಿಡಿ. ಈಗ ಉಜ್ಜು."

ಕಥೆಯಾಗಿದ್ದರೆ ನೊದೊಕಾ ಆಗಲೇ ಬಾಯಿ ತೆರೆಯುತ್ತಿದ್ದಳು. ತೆರೆಯಲಿಲ್ಲ. ಒಂಬತ್ತು ಬೆಳಗು ಅಜ್ಜಿಯ ಮಡಿಲಲ್ಲಿ ಬಾಯಿ ಮುಚ್ಚಿಯೇ ಮಲಗಿ, ಮಂಜು ನೋಡಿ, ಎದ್ದು ಹೋದಳು. ಮಿತ್ಸುಯೊ ಬೆರಳನ್ನು ಮಗುವಿನ ತುಟಿಯ ಮೇಲೆ ಸುಮ್ಮನೆ ಇಟ್ಟು ಗುನುಗುತ್ತಿದ್ದಳು. ಹತ್ತನೆಯ ಬೆಳಗು ತುಟಿ ಅಕ್ಕಿಕಾಳು ಹಾಯುವಷ್ಟು ತೆರೆಯಿತು. ಹನ್ನೆರಡನೆಯ ದಿನ ಹುಡುಗಿ ತಾನೇ ಹನ್ನೊಂದು ಟ್ಯೂಬುಗಳಲ್ಲಿ ಒಂದನ್ನು ತೋರಿಸಿದಳು. ದ್ರಾಕ್ಷಿ. ಅಜ್ಜಿ ಅದರ ಬೆನ್ನಿನ ಅಂಕಿ ಓದಿ ತಲೆಯಾಡಿಸಿದಳು. ಮಿಕ್ಕ ಹತ್ತನ್ನು ತೊರಾಕಿಚಿಯೇ ಮುಗಿಸುತ್ತಿದ್ದಾನೆ. ಕಲ್ಲಂಗಡಿ ಘಮಕ್ಕೆ ಮರುಳಾಗಿ ಆಕ್ಟೋಪಸ್‌ಗಳು ತಾವಾಗಿಯೇ ಅವನ ದೋಣಿ ಹತ್ತುತ್ತಿವೆ ಎಂದು ಬಂದರಿನಲ್ಲಿ ಸುದ್ದಿ.

ಹೋದ ವಾರ ಡಾಕ್ಟರ ದೋಣಿ ಬಂತು. ನೊದೊಕಾ ಮಲಗಿದ್ದು ಮಿತ್ಸುಯೊಳ ಮಡಿಲಲ್ಲೇ. ಡಾಕ್ಟರು ಕನ್ನಡಿ ಹಿಡಿದು ನೋಡಿದರು, ಮತ್ತೆ ನೋಡಿದರು. "ಬೆಳೆದಿಲ್ಲ. ನಿಂತಿದೆ. ಇಲ್ಲೇ ನೋಡ್ಕೊಳ್ಳಿ." ಬಾಗಿಲಾಚೆ ನಿಂತಿದ್ದ ತಾತ ಮೂಗು ಸೀಟಿದ ಸದ್ದಿಗೆ ಹಡಗು ಬಂತೆಂದು ಮೂವರು ಓಡಿಬಂದರು.

ಇಂದು ಎಲ್ಲ ಬಾಯಿಗಳೂ ಮುಗಿದಿವೆ. ಮಂಜು ಕೊನೆಗೂ ಎದ್ದು ಹೋಗಿದೆ. ಮಿತ್ಸುಯೊ ಗೋಡೆ ಹಿಡಿದು ಏಳುತ್ತಾಳೆ, ಮಂಡಿಗಳು ಒಣಕಡ್ಡಿಯ ಹಾಗೆ ಲಟಕ್ಕೆನ್ನುತ್ತವೆ. ಕೆಳಗಿನ ಹಾಲುಹಲ್ಲು ಬಿದ್ದರೆ ಮಾಡಿನ ಮೇಲೆ, ಮೇಲಿನದು ಬಿದ್ದರೆ ಜಗಲಿಯ ಕೆಳಗೆ ಎಸೆಯುವುದು ನಮ್ಮ ರೂಢಿ, ಹೊಸ ಹಲ್ಲು ಅತ್ತ ನೆಟ್ಟಗೆ ಬೆಳೆಯಲೆಂದು.

"ನೊದೊಕಾಳ ಮೇಲಿನ ಹಲ್ಲು ಬೀಳೋಕೆ ಇನ್ನು ಮೂರು ವರ್ಷ ಬೇಕು," ಎನ್ನುತ್ತಾಳೆ ಮಂಡಿ ನೀವಿಕೊಳ್ಳುತ್ತ. "ಅಲ್ಲೀವರೆಗೆ ಈ ಮಂಡಿ ಎರಡೂ ಮಡಚಿದ್ರೆ ಸಾಕು. ತೂತಿಲ್ಲದ ಹಲ್ಲು ಜಗಲಿ ಕೆಳಗೆ ಉರುಳೋ ಸದ್ದು ಇರುತ್ತಲ್ಲ, ಅದೊಂದು ಕೇಳ್ಬೇಕು ನಂಗೆ."