ಅಂಗಡಿಕಾರನ ವಕೀಲ

ಶಾಮಣ್ಣ ವಾದಕ್ಕೆ ಕೂತರೆಂದರೆ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ದಪ್ಪ ಗಾಜಿನ ಕನ್ನಡಕ. ಅದಿಲ್ಲದಿದ್ದರೆ ಎದುರಿಗಿದ್ದವರು ಅವರಿಗೆ ಬರೀ ಮಬ್ಬು. "ಮುಖಾ ಕಂಡ್ರ ಮಾತು ಮೆತ್ತಗಾಗ್ತದ ತಂಗಿ. ಹಿಂಗ ಕುಂತ್ರ ನ್ಯಾಯ ಅಷ್ಟ ಕಾಣತದ" ಎನ್ನುತ್ತಿದ್ದರು.

ಅವರು ಧಾರವಾಡದವರು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮನೆ ಅದೇ ಊರಂಚಿನ ಪಿನ್ನರಿನಲ್ಲಿ. ನಾವು ಮೈಸೂರಿನವರು, ಅಲ್ಲೇ ಹತ್ತಿರದ ಕಿಂಗ್ಸ್‌ಬರಿಯಲ್ಲಿದ್ದೆವು. ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ನನ್ನನ್ನು ತಂಗಿ ಎಂದು ಕರೆದವರು ಅವರೊಬ್ಬರೇ. ಪ್ರತಿ ಸಂಕ್ರಾಂತಿಗೂ ಅವರ ಮನೆಯಲ್ಲೇ ಊಟ. ಅವರ ಹೆಂಡತಿ ಸುಮಿತ್ರಾ ವೈನಿ ಮಾಡಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುಗಿದು ಕುಸುರೆಳ್ಳಿನ ತಟ್ಟೆ ಕೈಯಿಂದ ಕೈಗೆ ಹೋಗುವಾಗ ನಮ್ಮ 'ಕೋರ್ಟು' ಶುರುವಾಗುತ್ತಿತ್ತು.

ಆರೋಪಿ ವರ್ಷವೂ ಒಬ್ಬನೇ. ಜಪಾನಿನ ಎರಡು ಊರುಗಳ ಮೇಲೆ ಅಣುಬಾಂಬು ಹಾಕಲು ಒಪ್ಪಿಗೆ ಕೊಟ್ಟ ಅಮೆರಿಕದ ಅಧ್ಯಕ್ಷ. ಶಾಮಣ್ಣ ಆತನ ವಕೀಲ. ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ನಮ್ಮ ಅಂಗಡಿಕಾರ" ಎನ್ನುತ್ತಿದ್ದರು. ಆತ ಒಮ್ಮೆ ಬಟ್ಟೆ ಅಂಗಡಿ ಇಟ್ಟು ಮುಳುಗಿದ್ದನಂತೆ. ಒಕ್ಕಲುತನದ ಮನೆ, ಚಿಕ್ಕಂದಿನಿಂದ ಮಂದ ದೃಷ್ಟಿ, ಕಾಲೇಜು ಮುಗಿಸಿದವನಲ್ಲ. ಹಿಂದಿನ ಅಧ್ಯಕ್ಷರು ಯುದ್ಧದ ನಡುವೆಯೇ ತೀರಿಕೊಂಡಿದ್ದರಿಂದ ಏಕಾಏಕಿ ಕುರ್ಚಿ ಏರಿದವ. ಬಾಂಬಿನ ಪೂರ್ತಿ ಸಂಗತಿ ತಿಳಿದದ್ದೇ ಆಮೇಲೆ. ಇದನ್ನೆಲ್ಲ ಹೇಳುವಾಗ ಶಾಮಣ್ಣನ ದನಿ ಸ್ವಂತ ಸೋದರಮಾವನ ಕಷ್ಟ ಹೇಳುವಂತಿರುತ್ತಿತ್ತು. ಅವರ ತಂದೆಯೂ ಸಣ್ಣ ಜವಳಿ ಅಂಗಡಿಯವರು.

ವಿರುದ್ಧ ವಾದ ನನ್ನ ಪಾಲಿಗೆ.

"ಅಲ್ಲಾ ಶಾಮಣ್ಣ, ಮಕ್ಕಳುಮರಿ ಇದ್ದ ಊರಲ್ವಾ ಅದು? ಒಂದು ಹಾಕಿದ್ದು ಸಾಲ್ದು ಅಂತ ಇನ್ನೊಂದು ಬೇರೆ!"

"ಮೈಸೂರು ಪಾಕು ತಿಂದು ಬೆಳೆದಾಕಿ ನೀ, ನಿನಗೇನ್ ಗೊತ್ತಾಗ್ತದ! ಯುದ್ಧ ಹಂಗ ನಡದಿದ್ರ ಇನ್ನೂ ಎಷ್ಟ ಮಂದಿ ಸಾಯತಿದ್ರು? ಕುರ್ಚ್ಯಾಗ ಕುಂತಾಂವ ಹೂಂ ಅನಬೇಕು, ಇಲ್ಲಾ ಊಹೂಂ ಅನಬೇಕು. ಅಂದಮ್ಯಾಲೆ ಹೋಗಿ ಮಲಗಬೇಕು. ನಾ ದಿನಾ ಅದನ್ನ ಮಾಡತೀನಿ."

"ಪೇಶಂಟಿಗೂ ನಿದ್ದಿ, ಇವರಿಗೂ ನಿದ್ದಿ. ಎಚ್ಚರ ಇರೋಕಿ ನಾ ಒಬ್ಬಾಕಿನ" ಎಂದು ವೈನಿ ಅಡುಗೆಮನೆಯಿಂದ ಚುಚ್ಚುತ್ತಿದ್ದರು.

ತೀರ್ಪು ಕೊಡುವವನು ಅವರ ಒಬ್ಬನೇ ಮಗ ವಿನಯ್. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. "ನಾಟ್ ಗಿಲ್ಟಿ!" ಎಂದು ಪ್ರತಿ ಸಲ ಅಪ್ಪನನ್ನು ಗೆಲ್ಲಿಸಿ ಒಂದು ಹಿಡಿ ಕುಸುರೆಳ್ಳು ಲಂಚ ತಿನ್ನುತ್ತಿದ್ದ. ಬೆಳೆದು ಅವನೂ ಡಾಕ್ಟರಾದ. ವಾರಾಂತ್ಯಗಳಲ್ಲಿ ಸೈನ್ಯದ ಮೀಸಲು ಪಡೆಗೂ ಹೋಗಿಬರುತ್ತಿದ್ದ.

ಇರಾಕ್ ಯುದ್ಧ ಇನ್ನೇನು ಶುರುವಾಗಲಿದ್ದ ಸಂಕ್ರಾಂತಿ. ಈಗ ಇನ್ನೊಬ್ಬ ಅಮೆರಿಕದ ಅಧ್ಯಕ್ಷ, ಇನ್ನೊಂದು ತೀರ್ಮಾನ. ಬ್ರಿಟನ್ನೂ ಜೊತೆಗೆ ಹೊರಟಿತ್ತು. ಶಾಮಣ್ಣನ ವಾದ ರಂಗೇರಿದ್ದಾಗ ವಿನಯ್ ನಡುವೆ ಬಾಯಿ ಹಾಕಿದ.

"ಅಪ್ಪಾ, ದೆ ನೀಡ್ ಡಾಕ್ಟರ್ಸ್ ಔಟ್ ದೇರ್. ಇಷ್ಟ ಇದ್ದವರು ಹೆಸರು ಕೊಡಬಹುದು. ಶುಡ್ ಐ?"

ಕೋರ್ಟಿನ ಗುಂಗಿನಲ್ಲೇ ಇದ್ದ ಶಾಮಣ್ಣ ನಕ್ಕರು. "ಈಗ ನಿಂದ ಕುರ್ಚಿ, ನೀನ ಹೇಳಬೇಕಪಾ. ಹೇಳಿದಮ್ಯಾಲೆ ತಿರುಗಿ ನೋಡಬಾರದು."

"ಓಕೆ, ಅಪ್ಪಾ" ಎಂದ ವಿನಯ್. ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದ ವೈನಿ ಮಗನನ್ನೇ ನೋಡುತ್ತಿದ್ದರು. ಕನ್ನಡಕ ಮೇಜಿನ ಮೇಲಿತ್ತು.

ಆ ಬೇಸಿಗೆಯಲ್ಲಿ ಇರಾಕಿನ ರಸ್ತೆಯೊಂದರಲ್ಲಿ ಅವನಿದ್ದ ಸೈನ್ಯದ ಗಾಡಿಯಡಿ ಬಾಂಬು ಸಿಡಿಯಿತು. ವಿನಯ್ ಪೆಟ್ಟಿಗೆಯಲ್ಲಿ ಮನೆಗೆ ಬಂದ.

ಆಮೇಲೆ ಕೋರ್ಟು ನಡೆಯಲಿಲ್ಲ. ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದಾಗ ಶಾಮಣ್ಣ ತಾವಾಗಿಯೇ ಹೇಳಿದರು.

"ಅವತ್ತ ಅವನ ಮುಖದಾಗ ಅಂಜಿಕಿ ಇತ್ತಂತ ತಂಗಿ. ನಾ ಬ್ಯಾಡ ಅಂತೀನೇನೋ ಅಂತ ಕಾಯತಿದ್ದನಂತ. ನಿಮ್ಮ ವೈನಿ ನೋಡ್ಯಾಳ. ನನಗ ಬರೇ ಮಬ್ಬು ಕಂಡ್ತು."

"ಅವನೇ ಮನಸ್ಸು ಮಾಡಿ ಹೋಗಿದ್ದಲ್ವಾ ಶಾಮಣ್ಣ?"

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನಮ್ಮ ಅಂಗಡಿಕಾರಗ ನಿದ್ದಿ ಹೆಂಗ ಬಂದಿತ್ತೋ ಏನೋ" ಎಂದರು. ಅಂಗಡಿಕಾರನ ಸುದ್ದಿಯನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಕೊನೆ.

ಕಳೆದ ತಿಂಗಳು ಶಾಮಣ್ಣ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಆಸ್ಪತ್ರೆಗೆ ನೋಡಲು ಹೋಗಿದ್ದೆ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿದ್ದರು. ಮೂಗಿನ ಎರಡೂ ಬದಿ ಒತ್ತಿ ಕೆಂಪಾಗಿತ್ತು. ಈಗೀಗ ಮಲಗುವಾಗಲೂ ತೆಗೆಯಲು ಬಿಡುವುದಿಲ್ಲ ಎಂದು ವೈನಿ ಹೇಳಿದರು. ಅಷ್ಟರಲ್ಲಿ ನರ್ಸ್ ಬಂದು ಮೆಲ್ಲಗೆ ತೆಗೆಯಹೋದಳು. ತಟ್ಟನೆ ಎಚ್ಚರಾಗಿ ಅವಳ ಕೈ ತಡೆದರು.

ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಎದುರಿಗೆ ಕೂರಿಸಿಕೊಂಡು ವಾದಿಸಿದ ನನ್ನ ಮುಖವನ್ನು, ಮೊದಲ ಸಲ ಕಂಡವರಂತೆ, ನೋಡಿದರು, ನೋಡಿದರು.

"ಭಾಳ ಸೊರಗೀಯಲ್ಲ ತಂಗಿ," ಎಂದರು. "ಊಟಾ ಮಾಡಿ ಬಂದೀಯೋ ಇಲ್ಲೋ?"